ಸಂಶೋಧನೆಯ ಕಡತ ಹಿಡಿದವರು

ಮಗಳು ಎಂ.ಎಸ್ಸಿ. ಮುಗಿಸಿದಳೆಂದರೆ ಮನೆಯವರಿಗೆ ಸಾಮಾನ್ಯವಾಗಿ ಎರಡೇ ದಾರಿ ಕಾಣುತ್ತವೆ. ಒಂದು ಪಿಎಚ್.ಡಿ., ಇನ್ನೊಂದು ಬಿ.ಎಡ್. ಮಾಡಿ ಪಾಠ ಹೇಳುವುದು. ಮಗ ಬಿ.ಕಾಂ. ಆದರೆ ಬ್ಯಾಂಕು, ಇಲ್ಲವೇ ಆಡಿಟರ ಕಚೇರಿ. ಈ ಎರಡೂ ಬಗೆಯ ಓದಿನವರಿಗೆ ಒಗ್ಗುವ ಮತ್ತೊಂದು ಉದ್ಯೋಗವಿದೆ. ಅದೇ ಸಂಶೋಧನಾ ಆಡಳಿತ. ವಿಶ್ವವಿದ್ಯಾಲಯದ ಸಂಶೋಧಕರಿಗೆ ಅನುದಾನ ಪಡೆಯಲು ನೆರವಾಗುವುದು, ಬಂದ ಹಣದ ಲೆಕ್ಕ ಇಡುವುದು, ನಿಯಮ ತಪ್ಪದಂತೆ ನೋಡಿಕೊಳ್ಳುವುದು ಇದರ ಕೆಲಸ.

ಇದು ಬರೀ ಗುಮಾಸ್ತರ ಕೆಲಸವಲ್ಲವೇ ಎಂದು ಯಾರಾದರೂ ಕೇಳಬಹುದು. ಒಂದು ಯೋಜನೆಯ ಹಾದಿ ನೋಡಿ. ಸರ್ಕಾರದ ಇಲಾಖೆಯೊಂದು ಅರ್ಜಿ ಕರೆಯುತ್ತದೆ. ಪ್ರಾಧ್ಯಾಪಕರು ವಿಷಯ ಬರೆಯುತ್ತಾರೆ. ಉಪಕರಣಕ್ಕೆಷ್ಟು, ಸಹಾಯಕರ ಸಂಬಳಕ್ಕೆಷ್ಟು, ಪ್ರವಾಸಕ್ಕೆಷ್ಟು ಎಂಬ ಅಂದಾಜನ್ನು ನಿಯಮ ಬಲ್ಲವರು ನೋಡಬೇಕು. ರೋಗಿಗಳ ಮೇಲಿನ ಅಧ್ಯಯನವಾದರೆ ನೈತಿಕತಾ ಸಮಿತಿಯ ಒಪ್ಪಿಗೆ ಬೇಕು. ಹಣ ಮಂಜೂರಾದ ಮೇಲೆ ಖರೀದಿ, ನೇಮಕ, ವರದಿ. ಕೊನೆಗೆ ಹಣಬಳಕೆ ಪ್ರಮಾಣಪತ್ರ. ಕಚೇರಿಗಳಲ್ಲಿ ಇದನ್ನು ‘ಯು.ಸಿ.’ ಎನ್ನುತ್ತಾರೆ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳ ಪ್ರಕಾರ ಆರ್ಥಿಕ ವರ್ಷ ಮುಗಿದ 12 ತಿಂಗಳೊಳಗೆ ಅದು ತಲುಪಬೇಕು. ಲೆಕ್ಕ ಹೋಗದಿದ್ದರೆ ಮುಂದಿನ ಕಂತು ನಿಲ್ಲುತ್ತದೆ.

ಕಂತು ನಿಂತರೆ ತೊಂದರೆ ಯಾರಿಗೆ? ಪ್ರಾಧ್ಯಾಪಕರ ಸಂಬಳವೇನೂ ನಿಲ್ಲುವುದಿಲ್ಲ. ಯೋಜನೆಯ ಹಣದಲ್ಲೇ ವೇತನ ಪಡೆಯುವ ಸಂಶೋಧನಾ ವಿದ್ಯಾರ್ಥಿಗೆ ಮೆಸ್ಸಿನ ಬಾಕಿ ಏರುತ್ತದೆ. ಇಪ್ಪತ್ತಾರು ವರ್ಷದ ಮಗ ಮತ್ತೆ ಊರಿಗೆ ಫೋನು ಮಾಡಿ ಅಪ್ಪನ ಹತ್ತಿರ ಹಣ ಕೇಳಬೇಕಾಗುತ್ತದೆ. ಪ್ರಯೋಗಾಲಯದಲ್ಲಿ ಯಾವ ತಪ್ಪೂ ಆಗಿರುವುದಿಲ್ಲ. ಕಡತ ಮಾತ್ರ ಕದಲಿರುವುದಿಲ್ಲ.

ಅಮೆರಿಕದಲ್ಲಿ ಈ ಕೆಲಸಕ್ಕೆ ಪ್ರತ್ಯೇಕ ವೃತ್ತಿಯ ಸ್ಥಾನ ಬಂದು ಬಹಳ ಕಾಲವಾಯಿತು. 1957ರಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿದ ಮೇಲೆ ಅಲ್ಲಿನ ಸರ್ಕಾರ ವಿಶ್ವವಿದ್ಯಾಲಯಗಳ ಸಂಶೋಧನೆಗೆ ಧಾರಾಳವಾಗಿ ಹಣ ಕೊಡತೊಡಗಿತು. ಹಣದ ಜೊತೆಗೆ ಷರತ್ತುಗಳೂ ಬಂದವು. ಆ ದಿನಗಳಲ್ಲೇ, 1959ರಲ್ಲಿ, ಈ ಕೆಲಸ ಮಾಡುವವರ ರಾಷ್ಟ್ರೀಯ ಮಂಡಳಿ ‘ಎನ್‌ಕ್ಯೂರಾ’ ಹುಟ್ಟಿತು. ಇಂದಿಗೂ ಅದರ ಮುಖ್ಯ ಬಲ ಒಬ್ಬರಿಂದೊಬ್ಬರು ಕಲಿಯುವುದು. ಒಂದು ವಿಶ್ವವಿದ್ಯಾಲಯದ ಅನುಭವಿಗಳು ಇನ್ನೊಂದರ ಕಚೇರಿಗೆ ಹೋಗಿ, ಅಲ್ಲಿನ ಪದ್ಧತಿ ನೋಡಿ, ಎಲ್ಲಿ ಸುಧಾರಿಸಬಹುದೆಂದು ಹೇಳುವ ಏರ್ಪಾಟೂ ಇದೆ. 1993ರಲ್ಲಿ ರಚನೆಯಾದ ಬೇರೊಂದು ಮಂಡಳಿ ಪರೀಕ್ಷೆ ನಡೆಸಿ ಅರ್ಹತಾ ಪತ್ರ ಕೊಡುತ್ತದೆ. ಅದನ್ನು ಐದು ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳಬೇಕು.

ನಮ್ಮಲ್ಲಿ ಈ ಕಲಿಕೆ ಬಹುಕಾಲ ಒಂದೊಂದೇ ಮೇಜಿನ ಸುತ್ತ ನಡೆಯಿತು. ಇಪ್ಪತ್ತು ವರ್ಷ ಪ್ರಾಜೆಕ್ಟ್ ವಿಭಾಗ ನೋಡಿಕೊಂಡ ಸೂಪರಿಂಟೆಂಡೆಂಟರಿಗೆ ಯಾವ ಇಲಾಖೆಗೆ ಯಾವ ನಮೂನೆ, ಯಾವ ಆಕ್ಷೇಪಣೆಗೆ ಏನು ಉತ್ತರ ಎಂಬುದೆಲ್ಲ ಬಾಯಿಪಾಠ. ಅವರು ನಿವೃತ್ತರಾದ ದಿನ ಆ ವಿದ್ಯೆಯೂ ಹಾರ ಹಾಕಿಸಿಕೊಂಡು ಮನೆಗೆ ಹೋಗುತ್ತದೆ! ಹೊಸಬರು ಮತ್ತೆ ಮೊದಲಿನಿಂದ ತಪ್ಪು ಮಾಡುತ್ತಾ ಕಲಿಯಬೇಕು. ನಿಯಮಗಳಾದರೂ ನಿಂತಲ್ಲಿ ನಿಲ್ಲುತ್ತವೆಯೇ? ವಿಜ್ಞಾನ ಮತ್ತು ಇಂಜಿನಿಯರಿಂಗ್ ಸಂಶೋಧನಾ ಮಂಡಳಿಯ ಜಾಗಕ್ಕೆ 2023ರ ಕಾಯಿದೆಯಿಂದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಬಂದಿತು. ಇಂಥ ಬದಲಾವಣೆಗಳಾದಾಗ ಪಕ್ಕದ ಊರಿನ ಕಚೇರಿಯವರು ಹೇಗೆ ನಿಭಾಯಿಸಿದರು ಎಂದು ಕೇಳಿ ತಿಳಿಯುವುದಕ್ಕಿಂತ ಹತ್ತಿರದ ಹಾದಿಯಿಲ್ಲ.

ಪರಿಸ್ಥಿತಿ ಈಚೆಗೆ ಸ್ವಲ್ಪ ಬದಲಾಗುತ್ತಿದೆ. ಭಾರತದ ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟ್ ಸೇರಿ ಕಟ್ಟಿದ ‘ಇಂಡಿಯಾ ಅಲಯನ್ಸ್’, 2018ರಲ್ಲಿ ಸಂಶೋಧನಾ ನಿರ್ವಹಣೆಯನ್ನು ಬೆಳೆಸುವ ಕಾರ್ಯಕ್ರಮ ಆರಂಭಿಸಿತು. ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಸಂಶೋಧನೆ ಮತ್ತು ಅಭಿವೃದ್ಧಿ ಘಟಕ ಇರಬೇಕೆಂದು 2022ರಲ್ಲಿ ಯು.ಜಿ.ಸಿ. ಮಾರ್ಗಸೂಚಿ ಹೊರಡಿಸಿತು. ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದಂಥ ಕಡೆ ಇದಕ್ಕೆಂದೇ ಪ್ರತ್ಯೇಕ ಕಚೇರಿ ಇದೆ.

ಈ ಕೆಲಸಕ್ಕೆ ಹೋಗಲು ಯಾವ ಕೋರ್ಸು ಮಾಡಬೇಕು? ಇದೇ ಹೆಸರಿನ ಪದವಿ ಹುಡುಕುತ್ತಾ ಕೂರಬೇಕಾಗಿಲ್ಲ. ವಿಜ್ಞಾನ ಓದಿದವರು ಲೆಕ್ಕಪತ್ರ ಕಲಿಯಬೇಕು. ವಾಣಿಜ್ಯ ಓದಿದವರು ಸಂಶೋಧನೆ ಹೇಗೆ ನಡೆಯುತ್ತದೆಂದು ತಿಳಿಯಬೇಕು. ಇಬ್ಬರಿಗೂ ತಪ್ಪಿಲ್ಲದ ಇಂಗ್ಲಿಷಿನಲ್ಲಿ ಪತ್ರ ಬರೆಯಲು, ನಿಯಮವನ್ನು ತಾಳ್ಮೆಯಿಂದ ಓದಲು, ಸಿಡುಕುವ ಪ್ರಾಧ್ಯಾಪಕರಿಗೂ ನಗುತ್ತಲೇ ‘ಇದು ಆಗುವುದಿಲ್ಲ ಸಾರ್’ ಎನ್ನಲು ಬರಬೇಕು. ಪ್ರಾಜೆಕ್ಟ್ ಅಸಿಸ್ಟೆಂಟ್ ಕೆಲಸದಿಂದ ಆರಂಭಿಸಿದರೆ ಒಳಹೊರಗು ತಿಳಿಯುತ್ತದೆ. ಆದರೆ ಇಂಥ ಎಷ್ಟೋ ಹುದ್ದೆಗಳು ಗುತ್ತಿಗೆಯವು. ಸೇರುವ ಮುನ್ನ ಅವಧಿ ಎಷ್ಟು, ತರಬೇತಿಗೆ ಕಳುಹಿಸುತ್ತಾರೆಯೇ ಎಂದು ವಿಚಾರಿಸಿಕೊಳ್ಳಿ.

ಮಕ್ಕಳನ್ನು ಪಿಎಚ್.ಡಿ.ಗೆ ಕಳುಹಿಸುವ ಪೋಷಕರಿಗೂ ಒಂದು ಮಾತು. ಗೈಡ್ ಎಷ್ಟು ಹೆಸರುವಾಸಿ ಎಂದು ಎಲ್ಲರೂ ಕೇಳುತ್ತಾರೆ. ಅದರ ಜೊತೆಗೆ, ಅಲ್ಲಿ ಈಗಾಗಲೇ ಓದುತ್ತಿರುವವರನ್ನು ಕಂಡು ‘ಶಿಷ್ಯವೇತನ ತಿಂಗಳು ತಿಂಗಳು ಬರುತ್ತದೆಯೇ?’ ಎಂದೂ ಕೇಳಿ. ಆ ಸಂಸ್ಥೆಯ ಕಡತಗಳು ಯಾರ ಕೈಯಲ್ಲಿವೆ ಎಂಬುದು ಆಗ ಗೊತ್ತಾಗುತ್ತದೆ.