ಸಾಲದ ಕಾಗದ ಯಾರ ಕೈಯಲ್ಲಿದೆ?

ಯಾದಗಿರಿ ಜಿಲ್ಲೆಯ ಕೊಡೇಕಲ್ಲಿನಿಂದ ಹಿಡಿದು ಸುರಪುರ, ಶಹಾಪುರಗಳವರೆಗೆ, ಬಡ ಕುಟುಂಬವೊಂದರ ಬಾಗಿಲಿಗೆ ಸಾಲದ ವಿಷಯವಾಗಿ ನ್ಯಾಯಾಲಯದ ಸಮನ್ಸ್ ಬಂತೆಂದರೆ ಸಾಮಾನ್ಯವಾಗಿ ಮೂರು ಕೆಲಸಗಳು ನಡೆಯುತ್ತವೆ. ಮೊದಲನೆಯದು, ನೆರೆಹೊರೆಯವರಿಗೆ ತಿಳಿಯದಂತೆ ಅದನ್ನು ಮುಚ್ಚಿಡುವುದು. ಎರಡನೆಯದು, ಊರಿನ ಯಾರಾದರೊಬ್ಬ ಮಧ್ಯವರ್ತಿಯ ಮನೆಗೆ ಓಡುವುದು. ಮೂರನೆಯದು, ತಾರೀಖಿನ ದಿನ ಹಾಜರಾಗದೆ ಉಳಿಯುವುದು. ನಡೆಯಬೇಕಾದ ನಾಲ್ಕನೆಯ ಕೆಲಸವೊಂದಿದೆ. ಆ ಕಾಗದದಲ್ಲಿ ಏನು ಬರೆದಿದೆ, ನ್ಯಾಯಾಲಯದ ಕಡತದಲ್ಲಿ ನಮ್ಮ ವಿರುದ್ಧ ಏನು ದಾಖಲಾಗಿದೆ ಎಂದು ತಿಳಿಯುವ ಕೆಲಸ. ಅದು ಮಾತ್ರ ನಡೆಯುವುದಿಲ್ಲ.

ಕೊಡೇಕಲ್ ಎಂದೊಡನೆ ನಾಡಿಗೆ ನೆನಪಾಗುವುದು ಕೊಡೇಕಲ್ ಬಸವಣ್ಣ. ಹಿಂದೂಗಳೂ ಮುಸ್ಲಿಮರೂ ಗೌರವಿಸುತ್ತ ಬಂದಿರುವ ಆ ಪರಂಪರೆಯ ಕಾಲಜ್ಞಾನದ ಹೊತ್ತಿಗೆಗಳು ಅಮರಗನ್ನಡವೆಂಬ ಗೂಢ ಲಿಪಿಯಲ್ಲಿವೆ. ಅದನ್ನು ಓದಬಲ್ಲವರು ಬಹಳ ಕಡಿಮೆ. ಕಾಲಜ್ಞಾನಕ್ಕೆ ಗೂಢ ಲಿಪಿ ಇರಬಹುದು. ಆದರೆ ಬಡವನ ಮನೆಯನ್ನು ಹರಾಜಿಗಿಡುವ ಡಿಕ್ರಿಯೂ ಅವನ ಪಾಲಿಗೆ ಗೂಢ ಲಿಪಿಯಾಗಿಯೇ ಉಳಿಯಬೇಕೆ? ನಮ್ಮ ಪ್ರಶ್ನೆ ಇದು. ಈ ಸ್ಥಿತಿಗೆ ಸರಕಾರ ಎಷ್ಟು ಹೊಣೆಯೋ ನಮ್ಮ ಸಮುದಾಯದ ಮುಖಂಡತ್ವವೂ ಅಷ್ಟೇ ಹೊಣೆ ಎಂಬುದನ್ನು ನಾವು ಮುಚ್ಚುಮರೆಯಿಲ್ಲದೆ ಹೇಳಬಯಸುತ್ತೇವೆ.

ಈ ಸೀಮೆಯ ದುಡಿಯುವ ಜನರು ವರ್ಷದ ಹಲವು ತಿಂಗಳು ಬೆಂಗಳೂರು, ಪುಣೆ, ಮುಂಬಯಿ, ಗೋವಾಗಳಲ್ಲಿ ಕೂಲಿಗಾಗಿ ಅಲೆಯುತ್ತಾರೆ. ಅಮೀನನು ಬಂದಾಗ ಬಾಗಿಲಿಗೆ ಬೀಗವಿರುತ್ತದೆ. ಕಾನೂನು ಅವಕಾಶ ಕೊಡುವ ಸಂದರ್ಭಗಳಲ್ಲಿ ಸಮನ್ಸನ್ನು ಬಾಗಿಲಿಗೆ ಅಂಟಿಸಲಾಗುತ್ತದೆ. ಪ್ರತಿವಾದಿ ಬರಲಿಲ್ಲವೆಂದು ಏಕಪಕ್ಷೀಯ ಡಿಕ್ರಿಯಾಗುತ್ತದೆ. ಅಂತಹ ಡಿಕ್ರಿಯನ್ನು ರದ್ದುಪಡಿಸಲು ಅರ್ಜಿ ಸಲ್ಲಿಸುವ ಅವಧಿ ಕೇವಲ 30 ದಿನ. ಸಮನ್ಸ್ ಸರಿಯಾಗಿ ತಲುಪಿರದಿದ್ದರೆ ಡಿಕ್ರಿಯ ವಿಷಯ ತಿಳಿದ ದಿನದಿಂದ 30 ದಿನ. ಆದರೆ ಅದನ್ನು ಜಾರಿಗೊಳಿಸಲು ಸಾಲ ಕೊಟ್ಟವನಿಗಿರುವ ಅವಧಿಯಾದರೋ 12 ವರ್ಷ! ಒಬ್ಬನಿಗೆ ಹನ್ನೆರಡು ವರ್ಷ, ಇನ್ನೊಬ್ಬನಿಗೆ ಒಂದು ತಿಂಗಳು. ಆ ಒಂದು ತಿಂಗಳನ್ನೂ ನಾವು ಅಂಜಿಕೆಯಲ್ಲಿ ಕಳೆದುಬಿಡುತ್ತೇವೆ.

ಕಡತವನ್ನು ನೋಡಿದವನಿಗೆ ಮಾತ್ರ ಕಾನೂನಿನ ರಕ್ಷಣೆ ತಿಳಿಯುತ್ತದೆ. ದಿವಾನಿ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನ ಪ್ರಕಾರ ಅಡುಗೆಯ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಉಪಕರಣ, ಒಕ್ಕಲಿನ ದನಕರು ಮತ್ತು ಕೃಷಿ ಸಾಧನ, ಕೃಷಿಕನು ವಾಸಿಸುವ ಮನೆ, ಕೂಲಿಕಾರನ ಕೂಲಿ ಇವುಗಳನ್ನು ಸಾಮಾನ್ಯವಾಗಿ ಜಪ್ತಿ ಮಾಡುವಂತಿಲ್ಲ. 56ನೇ ಕಲಮಿನ ಪ್ರಕಾರ ಹಣದ ಡಿಕ್ರಿಗಾಗಿ ಮಹಿಳೆಯನ್ನು ಬಂಧಿಸುವಂತಿಲ್ಲ. ಕೊಡಲು ನಿಜವಾಗಿಯೂ ಗತಿಯಿಲ್ಲದವನನ್ನು ಬಡತನದ ಕಾರಣಕ್ಕೆ ಸೆರೆಮನೆಗೆ ತಳ್ಳುವುದು ಸಲ್ಲದೆಂದು ಸುಪ್ರೀಮ್ ಕೋರ್ಟು 1980ರಲ್ಲಿಯೇ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ಹೇಳಿತು. ಹೀಗಿದ್ದೂ "ಪೊಲೀಸರು ಬರುತ್ತಾರೆ, ಹೆಂಡತಿಯನ್ನೂ ಎಳೆದೊಯ್ಯುತ್ತಾರೆ" ಎಂಬ ಒಂದು ಬೆದರಿಕೆಯ ಮಾತಿಗೆ ಎಷ್ಟು ಮನೆಗಳ ಬಂಗಾರ ಮಾರಾಟವಾಗಿಲ್ಲ? ಎಷ್ಟು ತಾಯಂದಿರು ನಿದ್ದೆಗೆಟ್ಟಿಲ್ಲ?

ದಾಖಲೆ ಪಡೆಯುವ ದಾರಿ ಇಲ್ಲವೆ? ಇದೆ. ಮೊಕದ್ದಮೆಯ ಕಕ್ಷಿಗಾರನು ಕಡತವನ್ನು ಪರಿಶೀಲಿಸಬಹುದು. ಆ ನ್ಯಾಯಾಲಯದ ನಕಲು ವಿಭಾಗಕ್ಕೆ ಅರ್ಜಿ ಕೊಟ್ಟು, ನಿಗದಿತ ಶುಲ್ಕ ತೆತ್ತು ದಾವೆಯ, ಆದೇಶದ ಮತ್ತು ಡಿಕ್ರಿಯ ದೃಢೀಕೃತ ನಕಲನ್ನು ಪಡೆಯಬಹುದು. 1872ರ ಸಾಕ್ಷ್ಯ ಕಾಯ್ದೆ ಕೊಟ್ಟಿದ್ದ ಈ ಹಕ್ಕನ್ನು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಉಳಿಸಿಕೊಂಡಿದೆ. ಮಾಹಿತಿ ಹಕ್ಕು ಕಾಯ್ದೆಯಲ್ಲಿ ಅರ್ಜಿ ಹಾಕಿದರಾಯಿತೆಂದು ಹಲವರು ತಿಳಿದಿದ್ದಾರೆ. ಅದು ಸರಿಯಲ್ಲ. ನ್ಯಾಯಾಂಗ ಕಡತಗಳ ನಕಲನ್ನು ನ್ಯಾಯಾಲಯದ ನಿಯಮಗಳ ಮೂಲಕವೇ ಕೇಳಬೇಕೆಂದು 2020ರ ಮಾರ್ಚ್‌ನಲ್ಲಿ ಗುಜರಾತ್ ಹೈಕೋರ್ಟಿಗೆ ಸಂಬಂಧಿಸಿದ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟು ತೀರ್ಪಿತ್ತಿದೆ. ಇದನ್ನರಿಯದೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ ಉತ್ತರಕ್ಕಾಗಿ ಕಾದು ಕುಳಿತರೆ ಆ 30 ದಿನಗಳು ಅಲ್ಲಿಯೇ ಮುಗಿದುಹೋಗುತ್ತವೆ.

ಈಗ ಎಲ್ಲವೂ ಮೊಬೈಲಿನಲ್ಲಿದೆ ಎಂದು ಸರಕಾರ ಹೇಳುತ್ತದೆ. 2007ರಲ್ಲಿ ಆರಂಭವಾದ ಇ-ಕೋರ್ಟ್ ಯೋಜನೆಯಿಂದಾಗಿ ತಾಲೂಕು ನ್ಯಾಯಾಲಯಗಳ ಮೊಕದ್ದಮೆಗಳ ಸ್ಥಿತಿಗತಿಯನ್ನು ಮನೆಯಲ್ಲಿ ಕುಳಿತೇ ನೋಡಬಹುದು ಎಂಬುದು ನಿಜ. ಪ್ರತಿ ಮೊಕದ್ದಮೆಗೂ ಸಿ.ಎನ್.ಆರ್. ಎಂಬ 16 ಅಕ್ಷರಾಂಕಗಳ ಗುರುತು ಇದೆ. ಅದಿದ್ದರೆ ಕೆಲಸ ಸುಲಭ. ಅದಿಲ್ಲದೆ ಹೆಸರು ಹಿಡಿದು ಹುಡುಕಹೊರಟವನ ಪಾಡೇನು? ಮಹಬೂಬ, ಮೆಹಬೂಬ್, ಮಹಿಬೂಬಸಾಬ, ಹುಸೇನ, ಹುಸೇನಸಾಬ, ಹುಸೈನ್, ಖಾಜಾ, ಖ್ವಾಜಾ. ಒಬ್ಬನೇ ಮನುಷ್ಯನ ಹೆಸರು ಪಡಿತರ ಚೀಟಿಯಲ್ಲಿ ಒಂದು ಬಗೆ, ಪಹಣಿಯಲ್ಲಿ ಇನ್ನೊಂದು ಬಗೆ, ದಾವೆಯಲ್ಲಿ ಮತ್ತೊಂದು ಬಗೆ. ಇಂಗ್ಲಿಷ್ ಅಕ್ಷರಗಳಲ್ಲಿ ಗುಮಾಸ್ತನು ಹೇಗೆ ಬರೆದನೋ ಹಾಗೆಯೇ ಹುಡುಕದಿದ್ದರೆ ಮೊಕದ್ದಮೆ ಕಾಣಿಸುವುದಿಲ್ಲ. ಕಾಣಿಸಲಿಲ್ಲವೆಂದು ಮೊಕದ್ದಮೆಯೇ ಇಲ್ಲವೆಂದು ನಂಬಿ ನೆಮ್ಮದಿಯಿಂದಿರುವುದು ಇನ್ನೂ ದೊಡ್ಡ ಅಪಾಯ. ಹೆಸರಿನ ಎಲ್ಲ ರೂಪಗಳನ್ನೂ ಹಾಕಿ ನೋಡಬೇಕು. ಜಮೀನಿದ್ದವರು ಪಹಣಿಯ ಋಣದ ಕಲಮನ್ನೂ ಉಪ ನೋಂದಣಿ ಕಚೇರಿಯ ಋಣಭಾರ ಪತ್ರವನ್ನೂ ತೆಗೆಸಬೇಕು.

ಹಳೆಯ ದಾಖಲೆಗಳ ಕಥೆ ಇನ್ನೂ ಶೋಚನೀಯ. 1948ರವರೆಗೆ ಈ ಸೀಮೆ ನಿಜಾಮರ ಸಂಸ್ಥಾನದಲ್ಲಿತ್ತು. ಪಾರ್ಸಿಯ ಸ್ಥಾನದಲ್ಲಿ ಉರ್ದು ಅಲ್ಲಿ ಆಡಳಿತದ ಭಾಷೆಯಾದದ್ದು 1880ರ ದಶಕದಲ್ಲಿ. ಆ ಕಾಲದ ಅಡಮಾನ, ಫೈಸಲಾ, ಇನಾಮು, ವಕ್ಫ್‌ಗಳ ಕಾಗದಗಳು ಉರ್ದುವಿನಲ್ಲಿವೆ. ಇಂದಿನ ಕಚೇರಿಯ ಸಿಬ್ಬಂದಿಯಲ್ಲಿ ಹೆಚ್ಚಿನವರು ಅದನ್ನು ಓದಲಾರರು. ಉರ್ದು ನಮ್ಮದು ಎಂದು ಸಭೆಗಳಲ್ಲಿ ಅಬ್ಬರಿಸುವ ನಾವಾದರೂ ಅಜ್ಜನ ಪೆಟ್ಟಿಗೆಯಲ್ಲಿರುವ ಶಿಕಸ್ತಾ ಬರಹದ ಒಂದು ಪುಟವನ್ನು ಓದಬಲ್ಲೆವೆ? ಇದರ ಮೇಲೆ ಜಿಲ್ಲೆಯ ವಿಭಜನೆ ಬೇರೆ. 2009ರ ಡಿಸೆಂಬರಿನಲ್ಲಿ ಯಾದಗಿರಿ ಪ್ರತ್ಯೇಕ ಜಿಲ್ಲೆಯಾಯಿತು. ಅದಕ್ಕೆ ಮುಂಚೆ ಜಿಲ್ಲಾ ಕೇಂದ್ರವಿದ್ದದ್ದು ಗುಲ್ಬರ್ಗದಲ್ಲಿ. ಕೊಡೇಕಲ್ಲಿನವನು ತನ್ನ ತಂದೆಯ ಕಾಲದ ಕಡತಕ್ಕಾಗಿ ಸುರಪುರ, ಯಾದಗಿರಿ, ಕಲಬುರಗಿ ಮೂರನ್ನೂ ಸುತ್ತಬೇಕಾಗಬಹುದು. ಅಷ್ಟರಲ್ಲಿ ನಿಯಮಾನುಸಾರ ಅವಧಿ ಮುಗಿದ ಕಡತಗಳು ನಾಶವಾಗಿಯೂ ಇರಬಹುದು. ತಡ ಮಾಡಿದವನಿಗಾಗಿ ದಾಖಲೆ ಕಾಯುವುದಿಲ್ಲ.

ಇನ್ನು ದಿವಾಳಿಯ ವಿಷಯ. ಇಲ್ಲಿ ನಮ್ಮ ದೇಶದ ಕಾನೂನಿನ ಎರಡು ಮುಖಗಳು ಒಟ್ಟಿಗೆ ಕಾಣುತ್ತವೆ. ದೊಡ್ಡ ಕಂಪನಿಯೊಂದು ದಿವಾಳಿಯಾದರೆ 2016ರ ದಿವಾಳಿ ಸಂಹಿತೆ ಅದನ್ನು ಕೈಹಿಡಿದು ನಡೆಸುತ್ತದೆ. ಸಾರ್ವಜನಿಕ ಪ್ರಕಟಣೆ ಹೊರಡುತ್ತದೆ, ನ್ಯಾಯಮಂಡಳಿಯ ಆದೇಶಗಳು ಜಾಲತಾಣದಲ್ಲಿ ಪ್ರಕಟವಾಗುತ್ತವೆ, ಬ್ಯಾಂಕುಗಳು ತಮಗೆ ಬರಬೇಕಾದ ಮೊತ್ತದ ದೊಡ್ಡ ಪಾಲನ್ನು ಬಿಟ್ಟುಕೊಡುತ್ತವೆ. ಅದೇ ಸಂಹಿತೆಯಲ್ಲಿ ಬಡವನಿಗಾಗಿಯೂ ಒಂದು ಅಧ್ಯಾಯವಿದೆ. ವಾರ್ಷಿಕ ಆದಾಯ 60,000 ರೂಪಾಯಿ ಮೀರದ, ಆಸ್ತಿ 20,000 ರೂಪಾಯಿ ಮೀರದ, ಸ್ವಂತ ಮನೆಯಿಲ್ಲದ ವ್ಯಕ್ತಿಯು 35,000 ರೂಪಾಯಿವರೆಗಿನ ಅರ್ಹ ಸಾಲಗಳಿಂದ ಬಿಡುಗಡೆ ಪಡೆದು ಹೊಸ ಬದುಕು ಆರಂಭಿಸಬಹುದೆಂದು ಅದು ಹೇಳುತ್ತದೆ. ಆದರೆ ಆ ಅಧ್ಯಾಯ ಸಾಮಾನ್ಯ ಸಾಲಗಾರನ ಪಾಲಿಗೆ ಜಾರಿಯಾಗಲೇ ಇಲ್ಲ! 2019ರ ಡಿಸೆಂಬರ್ 1ರಿಂದ ಜಾರಿಗೆ ಬಂದದ್ದು ಕಂಪನಿಗಳ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರ ಭಾಗ ಮಾತ್ರ. ಕೋಟ್ಯಧೀಶರ ದಿವಾಳಿಗೆ ಹೊಸ ಕಾನೂನು, ಕೂಲಿಕಾರನ ದಿವಾಳಿಗೆ ಬ್ರಿಟಿಷರು 1920ರಲ್ಲಿ ಬರೆದಿಟ್ಟ ಪ್ರಾಂತೀಯ ದಿವಾಳಿ ಕಾಯ್ದೆ. ಇದನ್ನು ಸಮಾನತೆ ಎನ್ನಲು ನಮಗೆ ನಾಲಿಗೆ ಏಳುವುದಿಲ್ಲ.

ಆ ಹಳೆಯ ಕಾಯ್ದೆಯನ್ನಾದರೂ ನಮ್ಮವರು ಬಲ್ಲರೆ? ಸಾಲ ತೀರಿಸಲಾಗದವನು, ತನ್ನ ಸಾಲ 500 ರೂಪಾಯಿಯಾಗಿದ್ದರೂ, ಅಥವಾ ಡಿಕ್ರಿಯ ಜಾರಿಯಲ್ಲಿ ಬಂಧನವೋ ಜಪ್ತಿಯೋ ಆಗಿದ್ದರೂ, ಅದರಡಿಯಲ್ಲಿ ಅರ್ಜಿ ಸಲ್ಲಿಸಬಹುದು. ಸಾಮಾನ್ಯವಾಗಿ ಅದು ಜಿಲ್ಲಾ ನ್ಯಾಯಾಲಯದ ಅಧಿಕಾರ. ದಿವಾಳಿ ಎಂದು ಘೋಷಣೆಯಾದ ಮೇಲೆ ಸಾಲಗಾರರು ನ್ಯಾಯಾಲಯದ ಅನುಮತಿಯಿಲ್ಲದೆ ಅವನ ಮೇಲೆ ಮೊಕದ್ದಮೆ ಹೂಡುವಂತಿಲ್ಲ. ಘೋಷಣೆಯು ರಾಜ್ಯಪತ್ರದಲ್ಲಿ ಪ್ರಕಟವಾಗಬೇಕು. ಆದ್ದರಿಂದ ಸಾಲ ಕೊಟ್ಟವನೂ, ಪಾಲುದಾರನಾಗುವವನೂ, ಜಮೀನು ಕೊಳ್ಳುವವನೂ ಅದನ್ನು ನೋಡಿ ತಿಳಿಯಬಹುದು. ನಮ್ಮ ಆಡುಮಾತಿನಲ್ಲಿ ಇದಕ್ಕೆ ಉಳಿದಿರುವುದು 'ಪಾಪರ್ ಚೀಟಿ' ಎಂಬ ಒಂದು ಬೈಗುಳ ಮಾತ್ರ. ಕಾನೂನು ಕೊಟ್ಟ ಆಸರೆಯನ್ನು ನಾವು ಅಪಮಾನದ ಹೆಸರಾಗಿ ಮಾರ್ಪಡಿಸಿದ್ದೇವೆ.

ಅಪಮಾನ ಯಾವುದು? ಸಾಲವನ್ನು ಕಾಗದದಲ್ಲಿ ಕಾಣಿಸುವುದೆ, ಮುಚ್ಚಿಡುವುದೆ? ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತವು (ಅಲ್ ಬಕರಃ: 282) ಇರುವುದು ಸಾಲದ ಬರವಣಿಗೆಯ ಬಗ್ಗೆ ಎಂಬುದನ್ನು ನಮ್ಮ ಎಷ್ಟು ಶುಕ್ರವಾರದ ಪ್ರವಚನಗಳು ನೆನಪಿಸಿವೆ? ಸಾಲ ಸಣ್ಣದಿರಲಿ ದೊಡ್ಡದಿರಲಿ ಬರೆಯಬೇಕು, ಬರೆಯುವವನು ನ್ಯಾಯದಿಂದ ಬರೆಯಬೇಕು, ಋಣಿಯೇ ಅದನ್ನು ಹೇಳಿ ಬರೆಸಬೇಕು, ಸಾಕ್ಷಿಗಳಿರಬೇಕು ಎಂಬುದು ಅದರ ಆದೇಶ. ಅದಕ್ಕೂ ಮುಂಚಿನ ಸೂಕ್ತವೊಂದು (280) ಇಕ್ಕಟ್ಟಿನಲ್ಲಿರುವ ಸಾಲಗಾರನಿಗೆ ಅನುಕೂಲವಾಗುವವರೆಗೆ ಕಾಲಾವಕಾಶ ಕೊಡಬೇಕೆನ್ನುತ್ತದೆ, ಬಿಟ್ಟುಕೊಡುವುದನ್ನು ಇನ್ನೂ ಉತ್ತಮವೆನ್ನುತ್ತದೆ. ಉತ್ತರಾಧಿಕಾರ ಹಂಚುವ ಮೊದಲು ಮೃತನ ಸಾಲ ತೀರಬೇಕೆಂಬ ವಿಧಿಯೂ ಇದೆ. ಈ ಗ್ರಂಥವನ್ನು ಕಣ್ಣಿಗೊತ್ತಿಕೊಳ್ಳುವ ಸಮುದಾಯದಲ್ಲಿ ಬಾಯಿಮಾತಿನ ಸಾಲ, ಖಾಲಿ ಕಾಗದಕ್ಕೆ ಹೆಬ್ಬೆಟ್ಟು, ಓದದೆ ಹಾಕುವ ಜಾಮೀನಿನ ಸಹಿ ಹೇಗೆ ಬೇರೂರಿದವು?

ಇದರ ಬೆಲೆ ತೆರುವವರು ಹೆಚ್ಚಾಗಿ ಮಹಿಳೆಯರು. ಗಂಡ ತೀರಿಕೊಂಡ ಮೇಲೆಯೇ ಅವನ ಸಾಲದ ವಿಷಯ ಮನೆಗೆ ತಿಳಿಯುತ್ತದೆ. ಮೃತನ ಸಾಲಕ್ಕೆ ವಾರಸುದಾರರು ಅವನಿಂದ ತಮಗೆ ಬಂದ ಆಸ್ತಿಯ ಮಟ್ಟಿಗೆ ಮಾತ್ರ ಹೊಣೆ ಎಂಬುದು ದೇಶದ ಕಾನೂನು. ಆದರೆ ಆ ವಿಧವೆಗೆ ಇದನ್ನು ಹೇಳುವವರಾರು? ಕಿರುಸಾಲ ಸಂಸ್ಥೆಗಳ ಕಿರುಕುಳದಿಂದ ಸಾವುಗಳು ಸಂಭವಿಸಿದ ಮೇಲೆ ರಾಜ್ಯ ಸರಕಾರವು 2025ರ ಫೆಬ್ರವರಿಯಲ್ಲಿ ಬಲವಂತದ ವಸೂಲಿಯ ವಿರುದ್ಧ ಅಧ್ಯಾದೇಶ ತಂದಿತು. ಒಳ್ಳೆಯದು. ಆದರೆ ಸಾಲ ಕೊಟ್ಟ ಸಂಸ್ಥೆ ನೋಂದಣಿಯಾಗಿದೆಯೇ, ತನ್ನ ಸಾಲದ ಕಾಗದದಲ್ಲಿ ಏನಿದೆ ಎಂದು ಕೇಳಲು ಅರಿಯದ ಮಹಿಳೆಗೆ ಆ ಕಾನೂನು ಗೋಡೆಯ ಮೇಲಿನ ಚಿತ್ರ ಮಾತ್ರ.

ಆದ್ದರಿಂದ ನಾವು ಸರಕಾರದಿಂದ ಕೇಳುವುದು ಇಷ್ಟು. ತಾಲೂಕು ನ್ಯಾಯಾಲಯಗಳ ನಕಲು ವಿಭಾಗದ ಮುಂದೆ ಅರ್ಜಿಯ ಕ್ರಮವನ್ನೂ ಶುಲ್ಕವನ್ನೂ ಸ್ಪಷ್ಟ ಕನ್ನಡದಲ್ಲಿ ಬರೆದು ಹಾಕಲಿ. ಹೆಸರನ್ನು ಕನ್ನಡದಲ್ಲಿ ಬರೆದು ಮೊಕದ್ದಮೆ ಹುಡುಕುವಂತಾಗಲಿ. ಹೈದರಾಬಾದ್ ಕಾಲದ ಉರ್ದು ಕಡತಗಳನ್ನು ಓದಿ ಭಾಷಾಂತರಿಸಬಲ್ಲವರನ್ನು ನೇಮಿಸಲಿ. ಬಡ ಸಾಲಗಾರನಿಗಾಗಿ 2016ರಲ್ಲಿ ಬರೆದ ಅಧ್ಯಾಯವನ್ನು ಕೇಂದ್ರ ಸರಕಾರ ಜಾರಿಗೊಳಿಸಲಿ.

ಆದರೆ ಸರಕಾರ ಎಚ್ಚರಗೊಳ್ಳುವವರೆಗೆ ನಾವು ಮಲಗಿರಬೇಕಾಗಿಲ್ಲ. ಪ್ರತಿ ಜಮಾಅತ್‌ನಲ್ಲಿ ಓದಿದ ಇಬ್ಬರು ಯುವಕ ಯುವತಿಯರು ಈ ಕೆಲಸ ಕಲಿಯಲಿ. ಸಮನ್ಸ್ ಓದುವುದು, ಮೊಕದ್ದಮೆಯ ಸ್ಥಿತಿ ನೋಡುವುದು, ನಕಲಿನ ಅರ್ಜಿ ಬರೆಯುವುದು ಇಷ್ಟನ್ನು ಕಲಿಯಲು ಪದವಿ ಬೇಕಿಲ್ಲ. ಮುಂದಿನ ಹೆಜ್ಜೆಗೆ ತಾಲೂಕು ಕಾನೂನು ಸೇವಾ ಸಮಿತಿ ಇದೆ. 1987ರ ಕಾಯ್ದೆಯಂತೆ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವು ಸಿಗುತ್ತದೆ. 15100ಕ್ಕೆ ಕರೆ ಮಾಡಿದರೆ ಮಾಹಿತಿ ದೊರೆಯುತ್ತದೆ. ಮಿನಾರಿನ ಎತ್ತರಕ್ಕೆ ವಂತಿಗೆ ಎತ್ತುವ ಆಡಳಿತ ಸಮಿತಿಗಳು ಮಸೀದಿಯ ಒಂದು ಮೂಲೆಯಲ್ಲಿ ಇದಕ್ಕೊಂದು ಮೇಜು ಹಾಕಲಾರವೆ?

ಸಾಲ ಪಾಪವಲ್ಲ. ತೀರಿಸುವ ಶಕ್ತಿಯಿದ್ದೂ ತೀರಿಸದಿರುವುದು ಅನ್ಯಾಯ. ಶಕ್ತಿಯಿಲ್ಲದವನನ್ನು ಅಜ್ಞಾನದ ಹಗ್ಗದಿಂದ ಕಟ್ಟಿ ಹಿಂಡುವುದು ಅದಕ್ಕಿಂತ ದೊಡ್ಡ ಅನ್ಯಾಯ. ಆ ಹಗ್ಗದ ಒಂದು ತುದಿ ಸಾಲ ಕೊಟ್ಟವನ ಕೈಯಲ್ಲಿದ್ದರೆ ಇನ್ನೊಂದು ತುದಿಯನ್ನು ನಮ್ಮ ಮೌನವೇ ಹಿಡಿದಿದೆ. ನಮ್ಮ ಕೈಯಲ್ಲಿರುವ ತುದಿಯನ್ನಾದರೂ ನಾವು ಬಿಡೋಣ.