ಹಲ್ಲಿನ ಸೆಟ್ಟು ಕೊಟ್ಟರೆ ಕೆಲಸ ಮುಗಿಯಿತೇ?

ನನ್ನ ದೊಡ್ಡಮ್ಮನಿಗೆ ಎಪ್ಪತ್ತನೆಯ ವಯಸ್ಸಿನಲ್ಲಿ ಮೇಲಿನ ಮತ್ತು ಕೆಳಗಿನ ಎರಡೂ ಸಾಲು ಹಲ್ಲು ಕಟ್ಟಿಸಲಾಯಿತು. ಮೇಲಿನ ಸಾಲು ಅಂಗುಳಕ್ಕೆ ಹಿಡಿದುಕೊಂಡು ನಿಂತಿತು. ಕೆಳಗಿನದು ಮಾತ್ರ ಒಂದು ದಿನವೂ ಹೊಂದಲಿಲ್ಲ. ಮಾತನಾಡಿದರೆ ಮೇಲಕ್ಕೇಳುತ್ತಿತ್ತು, ಅಗಿದರೆ ಜಾರುತ್ತಿತ್ತು, ರೊಟ್ಟಿಯ ಚೂರು ಅಡಿಗೆ ಸೇರಿದರೆ ವಸಡು ಉರಿಯುತ್ತಿತ್ತು. ಆರು ತಿಂಗಳೊಳಗೆ ಅದು ಸ್ಟೀಲಿನ ಡಬ್ಬಿ ಸೇರಿತು. ಮದುವೆ ಮನೆಗಳಿಗೆ ಹೋಗುವಾಗ ಹಾಕಿಕೊಂಡು, ಊಟದ ಪಂಕ್ತಿಯಲ್ಲಿ ಕೂರುವ ಮೊದಲು ತೆಗೆದು ಕರವಸ್ತ್ರದಲ್ಲಿ ಸುತ್ತಿಡುತ್ತಿದ್ದರು. ಕೊನೆಗೆ ಮದುವೆಗಳಿಗೆ ಹೋಗುವುದನ್ನೇ ಬಿಟ್ಟರು. ಚಿಕಿತ್ಸಾಲಯದ ದಾಖಲೆಯಲ್ಲಿ ಅದು ಯಶಸ್ವಿಯಾಗಿ ಪೂರ್ಣಗೊಂಡ ಚಿಕಿತ್ಸೆ.

ಇದು ಒಂದು ಮನೆಯ ಕಥೆಯಷ್ಟೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಪ್ರಕಟಿಸಿದ ವರದಿಯ ಅಂದಾಜಿನಂತೆ, ಜಗತ್ತಿನಲ್ಲಿ 60 ದಾಟಿದವರ ಪೈಕಿ ಶೇ 23ರಷ್ಟು ಮಂದಿಯ ಬಾಯಿಯಲ್ಲಿ ಒಂದು ಹಲ್ಲೂ ಉಳಿದಿಲ್ಲ. ಕರ್ನಾಟಕ ಸರ್ಕಾರ ಈ ಸಂಕಟವನ್ನು ಗುರುತಿಸಿ, ಬಡತನ ರೇಖೆಗಿಂತ ಕೆಳಗಿರುವ ಹಿರಿಯರಿಗೆ ಉಚಿತವಾಗಿ ದಂತಪಂಕ್ತಿ ನೀಡುವ ‘ದಂತಭಾಗ್ಯ’ ಯೋಜನೆಯನ್ನು 2014-15ರಲ್ಲಿ ಆರಂಭಿಸಿದ್ದು ಶ್ಲಾಘನೀಯ. ಕೇಂದ್ರ ಸರ್ಕಾರವು 2024ರ ಅಕ್ಟೋಬರ್‌ನಲ್ಲಿ ಆಯುಷ್ಮಾನ್ ಭಾರತ್ ವಿಮೆಯನ್ನು ಆದಾಯದ ಮಿತಿಯಿಲ್ಲದೆ 70 ವರ್ಷ ತುಂಬಿದ ಎಲ್ಲರಿಗೂ ವಿಸ್ತರಿಸಿತು. ಆದರೆ ಆಸ್ಪತ್ರೆಗೆ ದಾಖಲಾಗಿ ಪಡೆಯುವ ಚಿಕಿತ್ಸೆಗೆಂದೇ ರೂಪುಗೊಂಡ ಈ ವಿಮೆ, ಉದುರಿದ ಹಲ್ಲನ್ನು ಮತ್ತೆ ಕಟ್ಟಿಸಿಕೊಳ್ಳಲು ನೆರವಾಗುವುದಿಲ್ಲ. ಖಾಸಗಿ ವಿಮಾ ಪಾಲಿಸಿಗಳೂ ಸಾಮಾನ್ಯವಾಗಿ ಅಪಘಾತದ ಗಾಯವನ್ನು ಬಿಟ್ಟರೆ ಹಲ್ಲಿನ ಖರ್ಚನ್ನು ಹೊರಗಿಡುತ್ತವೆ. ಹಲ್ಲು ದೇಹದ ಒಂದು ಅಂಗವೆಂಬುದನ್ನು ನಮ್ಮ ಆರೋಗ್ಯ ನೀತಿ ಇನ್ನೂ ಪೂರ್ತಿಯಾಗಿ ಒಪ್ಪಿಕೊಂಡಂತಿಲ್ಲ.

ಕೆಳಗಿನ ಸೆಟ್ಟು ಏಕೆ ನಿಲ್ಲುವುದಿಲ್ಲ? ಮೇಲಿನದಕ್ಕೆ ಅಂಗುಳದ ವಿಶಾಲ ಆಸರೆಯಿದೆ. ಕೆಳಗಿನದು ಕುದುರೆ ಲಾಳದ ಆಕಾರದ ಕಿರಿದಾದ ಏಣಿನ ಮೇಲೆ ಕೂರಬೇಕು. ಒಳಗಿನಿಂದ ನಾಲಿಗೆ, ಹೊರಗಿನಿಂದ ಕೆನ್ನೆ ಅದನ್ನು ಸದಾ ನೂಕುತ್ತಿರುತ್ತವೆ. ಇದಕ್ಕಿಂತ ದೊಡ್ಡ ಕಾರಣ ಮೂಳೆಯದು. ಹಲ್ಲಿನ ಬೇರು ಹೋದ ಮೇಲೆ ದವಡೆಯ ಮೂಳೆ ವರ್ಷದಿಂದ ವರ್ಷಕ್ಕೆ ಸವೆಯುತ್ತದೆ. ದಂತಪಂಕ್ತಿ ಧರಿಸುವವರನ್ನು 25 ವರ್ಷಗಳವರೆಗೆ ಪರಿಶೀಲಿಸಿ ಟಾಲ್‌ಗ್ರೆನ್ ಅವರು 1972ರಲ್ಲಿ ಪ್ರಕಟಿಸಿದ ಅಧ್ಯಯನವು, ಕೆಳದವಡೆಯ ಸವೆತ ಮೇಲ್ದವಡೆಯದಕ್ಕಿಂತ ಸುಮಾರು ನಾಲ್ಕು ಪಟ್ಟು ಹೆಚ್ಚೆಂದು ತೋರಿಸಿತು. ಹೀಗಾಗಿ ಇಂದು ಅಳತೆಗೆ ಸರಿಯಾಗಿ ಕೂತ ಸೆಟ್ಟು ಕೆಲವು ವರ್ಷಗಳಲ್ಲಿ ಸಡಿಲವಾಗುವುದು ಸಹಜ. ಅದನ್ನು ವೈದ್ಯರ ತಪ್ಪೆನ್ನಲಾಗದು, ರೋಗಿಯ ಹಟವೆಂದೂ ಹೇಳಲಾಗದು.

ಇದಕ್ಕೆ ಪರಿಹಾರ ಹೊಳೆದದ್ದು ಸ್ವೀಡನ್ನಿನ ವಿಜ್ಞಾನಿ ಬ್ರೋನೆಮಾರ್ಕ್ ಅವರಿಗೆ. 1950ರ ದಶಕದಲ್ಲಿ ಮೊಲದ ಕಾಲಿನ ಮೂಳೆಯಲ್ಲಿ ರಕ್ತಸಂಚಾರವನ್ನು ನೋಡಲೆಂದು ಅವರು ಟೈಟೇನಿಯಂ ಲೋಹದ ಉಪಕರಣವೊಂದನ್ನು ಇಟ್ಟಿದ್ದರು. ಪ್ರಯೋಗ ಮುಗಿದ ಮೇಲೆ ಅದನ್ನು ಹೊರತೆಗೆಯಲಾಗಲಿಲ್ಲ; ಮೂಳೆ ಲೋಹದೊಡನೆ ಬೆಸೆದುಕೊಂಡಿತ್ತು. 1965ರಲ್ಲಿ ಅವರು ಮೊದಲ ರೋಗಿಯ ದವಡೆಗೆ ಟೈಟೇನಿಯಂ ಬೇರುಗಳನ್ನು ಕೂರಿಸಿದರು. 2006ರಲ್ಲಿ ತೀರಿಕೊಳ್ಳುವವರೆಗೆ, ನಾಲ್ಕು ದಶಕಗಳ ಕಾಲ, ಆ ವ್ಯಕ್ತಿಯ ಬಾಯಿಯಲ್ಲಿ ಅವು ಕೆಲಸ ಮಾಡಿದವು. ಇಂದು ನಾವು ಡೆಂಟಲ್ ಇಂಪ್ಲಾಂಟ್ ಎನ್ನುವುದು ಈ ಕೃತಕ ಬೇರನ್ನೇ.

ಬೇರು ಮೂಳೆಗೆ ಬೆಸೆಯಿತು ಎಂಬುದು ವೈದ್ಯರ ಯಶಸ್ಸು. ರೋಗಿಯ ಬದುಕು ಸುಧಾರಿಸಿತೇ ಎಂಬುದು ಬೇರೆಯೇ ಪ್ರಶ್ನೆ. ಅದನ್ನು ಅಳೆಯಲು ಆಸ್ಟ್ರೇಲಿಯಾದ ಸ್ಲೇಡ್ ಮತ್ತು ಸ್ಪೆನ್ಸರ್ 1994ರಲ್ಲಿ 49 ಪ್ರಶ್ನೆಗಳ ಪಟ್ಟಿಯೊಂದನ್ನು ರೂಪಿಸಿದರು. ಅದು ಎಕ್ಸ್‌ರೇಯನ್ನು ನೋಡುವುದಿಲ್ಲ. ಅಗಿಯಲು ಕಷ್ಟವೇ, ಮಾತು ತೊದಲುತ್ತದೆಯೇ, ನೋವಿದೆಯೇ, ನಾಲ್ಕು ಜನರ ನಡುವೆ ಮುಜುಗರವಾಗುತ್ತದೆಯೇ ಎಂಬಂಥ ಸಂಗತಿಗಳನ್ನು ವಿಚಾರಿಸುತ್ತದೆ. ಇಂಥ ಅಳತೆಗೋಲಿನಿಂದ ನಡೆದ ಅಧ್ಯಯನಗಳ ಆಧಾರದ ಮೇಲೆ 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ ತಜ್ಞರು ಒಂದು ಹೇಳಿಕೆ ನೀಡಿದರು: ಹಲ್ಲಿಲ್ಲದ ಕೆಳದವಡೆಗೆ ಎರಡು ಇಂಪ್ಲಾಂಟ್‌ಗಳಿಗೆ ಸಿಕ್ಕಿಸುವ, ಬೇಕೆಂದಾಗ ತೆಗೆದು ತೊಳೆಯಬಹುದಾದ ದಂತಪಂಕ್ತಿಯೇ ಮೊದಲ ಆಯ್ಕೆಯಾಗಬೇಕು. 2009ರಲ್ಲಿ ಬ್ರಿಟನ್ನಿನ ತಜ್ಞರೂ ಯಾರ್ಕ್ ಹೇಳಿಕೆಯ ಮೂಲಕ ಇದನ್ನು ಬೆಂಬಲಿಸಿದರು. ಎರಡೇ ಎರಡು ಬೇರುಗಳು ಎಂಬುದನ್ನು ಓದುಗರು ಗಮನಿಸಬೇಕು. ಜಾಹೀರಾತುಗಳಲ್ಲಿ ಕಾಣುವ ಸಾಲು ಸಾಲು ಇಂಪ್ಲಾಂಟ್‌ಗಳ ಮಾತು ಇದಲ್ಲ.

ಹಾಗೆಂದು ಇಂಪ್ಲಾಂಟ್ ಸರ್ವರೋಗ ನಿವಾರಕವಲ್ಲ. ಇರುವ ಸೆಟ್ಟಿನಲ್ಲೇ ನೆಮ್ಮದಿಯಾಗಿರುವವರಿಗೆ ಅದರಿಂದ ಸಿಗುವ ಹೆಚ್ಚಿನ ಲಾಭ ಅಷ್ಟಕ್ಕಷ್ಟೇ. ಬದುಕು ಗಮನಾರ್ಹವಾಗಿ ಬದಲಾಗುವುದು ಸಡಿಲ ಸೆಟ್ಟಿನಿಂದ ನಿಜಕ್ಕೂ ಬಳಲುತ್ತಿರುವವರಿಗೆ. ಅಗಿಯುವ ಶಕ್ತಿ ಬಂದ ಮಾತ್ರಕ್ಕೆ ಆಹಾರವೂ ತಾನಾಗಿ ಸುಧಾರಿಸುವುದಿಲ್ಲ. ಹತ್ತು ವರ್ಷ ಗಂಜಿ, ಮೊಸರನ್ನಕ್ಕೆ ಒಗ್ಗಿದ ನಾಲಿಗೆಗೆ ಕಾಳು, ಸೊಪ್ಪು, ಹಣ್ಣುಗಳನ್ನು ಮತ್ತೆ ರೂಢಿಸಬೇಕು. ಆ ಸಲಹೆಯೂ ಚಿಕಿತ್ಸೆಯ ಭಾಗವಾಗಬೇಕು. ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಬೀಡಿ-ಸಿಗರೇಟಿನ ಚಟ ಇರುವವರಲ್ಲಿ ಇಂಪ್ಲಾಂಟ್ ವಿಫಲವಾಗುವ ಅಪಾಯ ಹೆಚ್ಚು. ಶುಚಿಯಾಗಿಡದಿದ್ದರೆ ಕೃತಕ ಬೇರಿನ ಸುತ್ತಲೂ ಸೋಂಕು ತಗಲಿ ಮೂಳೆ ಕರಗುತ್ತದೆ. ಇವೆಲ್ಲಕ್ಕಿಂತ ಕಳವಳಕಾರಿಯಾದದ್ದು, ಉಳಿಸಬಹುದಾದ ಹಲ್ಲನ್ನೂ ಕೀಳಿಸಿ ಇಂಪ್ಲಾಂಟ್ ಹಾಕಿಸಿಕೊಳ್ಳುವಂತೆ ಮಾಡುವ ಮಾರುಕಟ್ಟೆಯ ಒತ್ತಡ. ಸ್ವಂತ ಹಲ್ಲಿಗೆ ಸಮನಾದುದು ಯಾವುದೂ ಇಲ್ಲ.

ಬೆಲೆಯ ಪ್ರಶ್ನೆಯೂ ಇದೆ. ನಗರದ ಖಾಸಗಿ ಚಿಕಿತ್ಸಾಲಯಗಳಲ್ಲಿ ಒಂದೊಂದು ಇಂಪ್ಲಾಂಟ್‌ಗೆ ಹತ್ತಾರು ಸಾವಿರ ರೂಪಾಯಿ ಬೇಕು. ಹಳ್ಳಿಗಳಲ್ಲಿ ಹುಳುಕು ತುಂಬಿಸುವುದಕ್ಕೇ ದಿಕ್ಕಿಲ್ಲದಿರುವಾಗ ಸರ್ಕಾರ ಇಂಪ್ಲಾಂಟ್‌ನ ಮಾತಾಡುವುದು ಐಷಾರಾಮವಲ್ಲವೇ ಎಂದು ಕೇಳುವವರಿದ್ದಾರೆ. ಆಕ್ಷೇಪದಲ್ಲಿ ಹುರುಳಿದೆ. ಹಲ್ಲು ಉದುರದಂತೆ ನೋಡಿಕೊಳ್ಳುವುದೇ ಮೊದಲ ಆದ್ಯತೆಯಾಗಬೇಕು ಎಂಬುದರಲ್ಲಿ ನನಗೂ ಅನುಮಾನವಿಲ್ಲ. ಆದರೆ ಹಲ್ಲು ಕಳೆದುಕೊಂಡು ಆಗಿಹೋದ ಪೀಳಿಗೆಗೆ ಮುನ್ನೆಚ್ಚರಿಕೆಯ ಪಾಠದಿಂದ ಪ್ರಯೋಜನವೇನು? ಡಬ್ಬಿ ಸೇರುವ ಸೆಟ್ಟಿಗೆ ಖರ್ಚಾಗುವ ಹಣವೂ ಸಾರ್ವಜನಿಕರ ಹಣವೇ ಅಲ್ಲವೇ?

ದೇಶದಲ್ಲೇ ಅತಿ ಹೆಚ್ಚು ದಂತ ವೈದ್ಯಕೀಯ ಕಾಲೇಜುಗಳಿರುವ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಪರಿಣತ ಅಧ್ಯಾಪಕರು, ಕಲಿಯಬೇಕಾದ ಸ್ನಾತಕೋತ್ತರ ವಿದ್ಯಾರ್ಥಿಗಳು ಅಲ್ಲಿದ್ದಾರೆ. ಉಚಿತ ದಂತಪಂಕ್ತಿ ಪಡೆದವರನ್ನು ಆರು ತಿಂಗಳ ನಂತರ ಮತ್ತೆ ಕರೆದು, ಕನ್ನಡದಲ್ಲಿ ಹತ್ತು ಹದಿನೈದು ಸರಳ ಪ್ರಶ್ನೆಗಳನ್ನು ಕೇಳುವುದು ದುಬಾರಿಯ ಕೆಲಸವೇನಲ್ಲ. ಕೆಳಗಿನ ಸೆಟ್ಟು ನಿಲ್ಲದೆ ಕಷ್ಟಪಡುತ್ತಿರುವವರನ್ನು ಆರಿಸಿ, ಆರೋಗ್ಯ ಅನುಮತಿಸಿದರೆ ಎರಡು ಇಂಪ್ಲಾಂಟ್ ಹಾಕಿಸುವ ಪ್ರಾಯೋಗಿಕ ಯೋಜನೆಯನ್ನು ಒಂದೆರಡು ಜಿಲ್ಲೆಗಳಲ್ಲಿ ಸರ್ಕಾರ ಕೈಗೊಳ್ಳಬಹುದು. ಬಿಡಿಭಾಗಗಳನ್ನು ಸಗಟಾಗಿ ಖರೀದಿಸಿದರೆ ಬೆಲೆಯೂ ತಗ್ಗೀತು. ಖಾಸಗಿ ವಲಯದಲ್ಲಿ, ಹಾಕಿದ ಇಂಪ್ಲಾಂಟ್‌ನ ಕಂಪನಿ ಮತ್ತು ಅಳತೆಯನ್ನು ನಮೂದಿಸಿದ ಚೀಟಿಯನ್ನು ರೋಗಿಗೆ ಕೊಡುವುದು ಕಡ್ಡಾಯವಾಗಬೇಕು. ಹತ್ತು ವರ್ಷಗಳ ಬಳಿಕ ತಿರುಪು ಸಡಿಲವಾದಾಗ ಇನ್ನೊಬ್ಬ ವೈದ್ಯರು ಅದನ್ನು ಸರಿಪಡಿಸಲು ಆ ಚೀಟಿ ಬೇಕೇ ಬೇಕು.

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂದು ನಮ್ಮ ಹಿರಿಯರು ಕೊರಗಿದ್ದು ವಿಧಿಯನ್ನು ಕುರಿತು. ಆ ಕೊರಗನ್ನು ನೀಗಿಸುವ ವಿದ್ಯೆ ಇಂದು ನಮ್ಮ ಕೈಯಲ್ಲಿದೆ. ಹಣವಿದ್ದವರು ಅದನ್ನು ಪಡೆಯುತ್ತಲೂ ಇದ್ದಾರೆ. ಇಷ್ಟು ಸಾವಿರ ಸೆಟ್ಟು ಹಂಚಿದ್ದೇವೆ ಎಂದು ವಾರ್ಷಿಕ ವರದಿಯಲ್ಲಿ ಬರೆದುಕೊಳ್ಳುವ ಇಲಾಖೆ, ಅವುಗಳಲ್ಲಿ ಎಷ್ಟು ಈಗಲೂ ಬಾಯಿಯಲ್ಲಿವೆ ಎಂಬ ಇನ್ನೊಂದು ಅಂಕಣವನ್ನೂ ಸೇರಿಸಲಿ. ಪಂಕ್ತಿಯಿಂದ ಎದ್ದುಹೋದ ನಮ್ಮ ಹಿರಿಯರ ಲೆಕ್ಕ ಆಗ ಸರ್ಕಾರಕ್ಕೂ ಸಿಗುತ್ತದೆ.