ನರ್ಸಿಂಗ್ ಪದವಿ: ಪಾಠ ನಡೆಯಬೇಕಾದದ್ದು ರೋಗಿಯ ಬಳಿ

ಪಿಯುಸಿ ಫಲಿತಾಂಶ ಬಂದ ಮೇಲೆ ಬಿ.ಎಸ್ಸಿ ನರ್ಸಿಂಗ್ ಬಗ್ಗೆ ಮನೆಗಳಲ್ಲಿ ನಡೆಯುವ ಮಾತುಕತೆಯಲ್ಲಿ ಫೀಸು ಎಷ್ಟು, ಹಾಸ್ಟೆಲ್ ಹೇಗಿದೆ, ಮುಗಿಸಿದ ಮೇಲೆ ಗಲ್ಫ್‌ಗೋ ಜರ್ಮನಿಗೋ ಹೋಗಬಹುದೇ ಎಂಬ ಪ್ರಶ್ನೆಗಳೇ ಮುಂದಿರುತ್ತವೆ. ನಾಲ್ಕು ವರ್ಷ ಮಗಳೋ ಮಗನೋ ಅಲ್ಲಿ ಏನು ಕಲಿಯುತ್ತಾರೆ ಎಂದು ವಿಚಾರಿಸುವವರು ಕಡಿಮೆ. ಇಂಜೆಕ್ಷನ್ ಕೊಡುವುದು, ಡ್ರಿಪ್ ಹಾಕುವುದು, ಬಿಪಿ ನೋಡುವುದು, ಡ್ರೆಸ್ಸಿಂಗ್ ಮಾಡುವುದು. ಇಷ್ಟೇ ನರ್ಸಿಂಗ್ ಎಂಬ ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಇಷ್ಟೇ ಆಗಿದ್ದರೆ ನಾಲ್ಕು ವರ್ಷ ಬೇಕಾಗಿರಲಿಲ್ಲ. ಈ ಕೈಕೆಲಸಗಳನ್ನು ಕೆಲವು ತಿಂಗಳ ಅಭ್ಯಾಸದಲ್ಲಿ ಕಲಿಯಬಹುದು. ಉಳಿದ ಕಾಲವೆಲ್ಲ ಬೇಕಾಗುವುದು ರೋಗಿಯಲ್ಲಿ ಆಗುತ್ತಿರುವ ಬದಲಾವಣೆಯನ್ನು ಅದು ಅಪಾಯವಾಗುವ ಮೊದಲೇ ಗುರುತಿಸಿ, ಮುಂದೇನು ಮಾಡಬೇಕೆಂದು ನಿರ್ಧರಿಸುವ ವಿವೇಚನೆ ಕಲಿಯಲು. ಕರ್ನಾಟಕದ ನರ್ಸಿಂಗ್ ಶಿಕ್ಷಣದಲ್ಲಿ ಇಂದು ಅಪಾಯಕ್ಕೆ ಸಿಲುಕಿರುವುದು ಈ ಭಾಗವೇ.

ಪಠ್ಯಕ್ರಮದಲ್ಲಿ ದೋಷವಿದೆ ಎಂದು ಹೇಳುವಂತಿಲ್ಲ. ಭಾರತೀಯ ನರ್ಸಿಂಗ್ ಪರಿಷತ್ತು ಪರಿಷ್ಕರಿಸಿ, 2021ರಲ್ಲಿ ರಾಜ್ಯಪತ್ರದಲ್ಲಿ ಪ್ರಕಟವಾದ ನಿಯಮಗಳ ಪ್ರಕಾರ ಪದವಿ ಎಂಟು ಸೆಮಿಸ್ಟರ್‌ಗಳದ್ದು. ಆರಂಭದಲ್ಲಿ ಅಂಗರಚನೆ, ಶರೀರಕ್ರಿಯೆ, ಮನೋವಿಜ್ಞಾನ, ಸಮಾಜಶಾಸ್ತ್ರ, ನರ್ಸಿಂಗ್‌ನ ಮೂಲಪಾಠಗಳು ಇರುತ್ತವೆ. ಅನಂತರ ಜೀವರಸಾಯನ, ಪೌಷ್ಟಿಕತೆ, ಸೂಕ್ಷ್ಮಜೀವಿಶಾಸ್ತ್ರ, ಸೋಂಕು ನಿಯಂತ್ರಣ, ಔಷಧಶಾಸ್ತ್ರ, ರೋಗಶಾಸ್ತ್ರ ಬರುತ್ತವೆ. ಅವುಗಳ ಜೊತೆಗೆ ವಯಸ್ಕರ, ಮಕ್ಕಳ, ಮಾನಸಿಕ ರೋಗಿಗಳ, ಗರ್ಭಿಣಿ–ಬಾಣಂತಿಯರ ಮತ್ತು ಸಮುದಾಯದ ಆರೈಕೆ ಒಂದೊಂದಾಗಿ ಸೇರಿಕೊಳ್ಳುತ್ತವೆ. ಸಂಶೋಧನೆ, ಸಂಖ್ಯಾಶಾಸ್ತ್ರ, ಆಡಳಿತ, ನ್ಯಾಯಸಂಬಂಧಿ ನರ್ಸಿಂಗ್ ಮತ್ತು ಕಾನೂನುಗಳೂ ಇವೆ. ಎಂಟನೆಯ ಸೆಮಿಸ್ಟರ್ ಇಂಟರ್ನ್‌ಶಿಪ್‌ಗೆ ಮೀಸಲು. ಒಂದು ಕ್ರೆಡಿಟ್‌ನ ತರಗತಿ ಪಾಠಕ್ಕೆ 20 ಗಂಟೆಯಾದರೆ, ಆಸ್ಪತ್ರೆಯಲ್ಲಿ ನಡೆಯುವ ಕ್ಲಿನಿಕಲ್ ಕಲಿಕೆಯ ಒಂದು ಕ್ರೆಡಿಟ್‌ಗೆ 80 ಗಂಟೆ. ತರಗತಿಯ ಹಾಜರಾತಿ ಶೇ 80 ಇದ್ದರೆ ಪರೀಕ್ಷೆಗೆ ಕೂರಬಹುದು. ಆದರೆ ಕ್ಲಿನಿಕಲ್ ಹಾಜರಾತಿ ಶೇ 100 ಆಗದೆ ಪದವಿ ಕೊಡುವಂತಿಲ್ಲ. ಈ ವಿದ್ಯೆ ಎಲ್ಲಿ ಸಿಗುತ್ತದೆ ಎಂಬ ಬಗ್ಗೆ ನಿಯಮ ರೂಪಿಸಿದವರಿಗೆ ಅನುಮಾನವಿರಲಿಲ್ಲ.

ವಾರ್ಡಿನಲ್ಲಿ ಏನು ಕಲಿಯುತ್ತಾರೆ ಎಂಬುದಕ್ಕೆ ಕೆಲವು ಉದಾಹರಣೆ ನೋಡೋಣ. ಹೆರಿಗೆಯಾದ ಮೊದಲ ಒಂದೆರಡು ಗಂಟೆ ಬಾಣಂತಿಯ ಪಾಲಿಗೆ ಅತ್ಯಂತ ಸೂಕ್ಷ್ಮ ಸಮಯ. ಅತಿಯಾದ ರಕ್ತಸ್ರಾವ ಶುರುವಾದಾಗ ಬಿಪಿ ತಕ್ಷಣ ಇಳಿಯುವುದಿಲ್ಲ. ದೇಹ ಸ್ವಲ್ಪ ಹೊತ್ತು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೊದಲು ಏರುವುದು ನಾಡಿಬಡಿತ. ಬಿಪಿ ಸರಿಯಿದೆ ಎಂದು ಬರೆದುಕೊಂಡು ಮುಂದೆ ಹೋಗುವ ವಿದ್ಯಾರ್ಥಿನಿಗೂ, ಏರುತ್ತಿರುವ ನಾಡಿ ಕಂಡು ಹೊಟ್ಟೆಯ ಮೇಲೆ ಕೈಯಿಟ್ಟು ಗರ್ಭಕೋಶ ಗಟ್ಟಿಯಾಗಿದೆಯೇ ಮೆತ್ತಗಾಗಿದೆಯೇ ಎಂದು ನೋಡುವವಳಿಗೂ ಇರುವ ಅಂತರ ಒಂದು ಜೀವದಷ್ಟು. ಗರ್ಭಕೋಶ ಮೆತ್ತಗಿದ್ದರೆ ಅಲ್ಲೇ ಉಜ್ಜಲು ಆರಂಭಿಸಬೇಕು, ವೈದ್ಯರನ್ನು ಕರೆಸಬೇಕು, ಔಷಧ ಸಿದ್ಧವಿರಬೇಕು. ಇದು ಪುಸ್ತಕದಲ್ಲಿದೆ. ಆದರೆ ಗಟ್ಟಿ–ಮೆತ್ತಗಿನ ವ್ಯತ್ಯಾಸ ಕೈಗೆ ತಿಳಿಯಬೇಕಾದರೆ, ಅನುಭವಿಯೊಬ್ಬರು ಪಕ್ಕದಲ್ಲಿ ನಿಂತು ಹಲವಾರು ಬಾಣಂತಿಯರಲ್ಲಿ ತೋರಿಸಿಕೊಟ್ಟಿರಬೇಕು.

ಉಸಿರಾಟದ ಎಣಿಕೆಯೂ ಹಾಗೆಯೇ. ರೋಗಿಯ ಸ್ಥಿತಿ ಬಿಗಡಾಯಿಸುತ್ತಿದೆ ಎಂಬುದಕ್ಕೆ ಸಿಗುವ ಬಹಳ ಮುಂಚಿನ ಸೂಚನೆಗಳಲ್ಲಿ ಉಸಿರಿನ ವೇಗ ಏರುವುದೂ ಒಂದು. ಅದಕ್ಕೆ ಯಂತ್ರ ಬೇಡ, ಪೂರ್ತಿ ಒಂದು ನಿಮಿಷ ಎಣಿಸುವ ತಾಳ್ಮೆ ಸಾಕು. ಆದರೂ ಎಷ್ಟೋ ಚಾರ್ಟ್‌ಗಳಲ್ಲಿ ಸಾಲಾಗಿ ಎಲ್ಲ ರೋಗಿಗಳ ಮುಂದೆ ‘20’ ಎಂಬ ಅಂದಾಜಿನ ಸಂಖ್ಯೆ ಬಿದ್ದಿರುತ್ತದೆ. ಸೀನಿಯರ್‌ಗಳು ಹಾಗೆ ಬರೆದದ್ದನ್ನು ಕಂಡ ವಿದ್ಯಾರ್ಥಿ ಅದನ್ನೇ ಕಲಿಯುತ್ತಾನೆ. ಒಳ್ಳೆಯ ವಾರ್ಡ್ ಒಳ್ಳೆಯದನ್ನು ಕಲಿಸುವಂತೆ ಕೆಟ್ಟ ವಾರ್ಡ್ ಕೆಟ್ಟದ್ದನ್ನೂ ಅಷ್ಟೇ ಚೆನ್ನಾಗಿ ಕಲಿಸುತ್ತದೆ.

ಔಷಧದ ಲೆಕ್ಕ ಇನ್ನೊಂದು. ನಮ್ಮಲ್ಲಿ ಇನ್ಸುಲಿನ್ ಮಿಲಿ ಲೀಟರಿಗೆ 40 ಯೂನಿಟ್‌ನದೂ ಸಿಗುತ್ತದೆ, 100 ಯೂನಿಟ್‌ನದೂ ಸಿಗುತ್ತದೆ. ಸಿರಿಂಜುಗಳೂ ಬೇರೆ ಬೇರೆ. 100ರ ಇನ್ಸುಲಿನ್ನನ್ನು 40ರ ಸಿರಿಂಜಿನಲ್ಲಿ ಎಳೆದರೆ ರೋಗಿಗೆ ಹೋಗುವ ಪ್ರಮಾಣ ಎರಡೂವರೆ ಪಟ್ಟು. ಪೊಟ್ಯಾಸಿಯಂ ಕ್ಲೋರೈಡನ್ನು ದ್ರಾವಣದಲ್ಲಿ ಬೆರೆಸದೆ ನೇರವಾಗಿ ರಕ್ತನಾಳಕ್ಕೆ ಕೊಟ್ಟರೆ ಹೃದಯ ನಿಂತುಹೋಗಬಹುದು. ವೈದ್ಯರು ಅವಸರದಲ್ಲಿ ತಪ್ಪಾಗಿ ಬರೆದಿದ್ದರೂ ಔಷಧ ರೋಗಿಯ ದೇಹ ಸೇರುವ ಮುನ್ನ ಅದನ್ನು ತಡೆಯಬಲ್ಲ ಕೊನೆಯ ವ್ಯಕ್ತಿ ನರ್ಸ್. ಔಷಧಶಾಸ್ತ್ರವನ್ನು ಎರಡು ಸೆಮಿಸ್ಟರ್ ಓದಿಸುವುದು ಇದಕ್ಕಾಗಿ. ‘ಸರ್, ಈ ಡೋಸ್ ಇನ್ನೊಮ್ಮೆ ನೋಡಿ’ ಎಂದು ಹೇಳುವ ತಿಳಿವಳಿಕೆಯೂ ಧೈರ್ಯವೂ ಒಟ್ಟಿಗೆ ಬೆಳೆಯಬೇಕು.

ಮಾನಸಿಕ ಆರೋಗ್ಯದ ಪೋಸ್ಟಿಂಗ್‌ಗೆ ನಿಮ್ಹಾನ್ಸ್‌ಗೋ ಧಾರವಾಡದ ಡಿಮ್ಹಾನ್ಸ್‌ಗೋ ಹೋಗುವ ವಿದ್ಯಾರ್ಥಿಗಳು ಕಲಿಯುವುದು ಮತ್ತೊಂದು ಬಗೆಯದು. ಯಾರಿಗೂ ಕೇಳದ ದನಿಗಳು ಕೇಳುತ್ತಿವೆ ಎನ್ನುವ ರೋಗಿಯ ಮಾತಿಗೆ ಹೌದು ಎನ್ನದೆ, ಸುಳ್ಳು ಎಂದು ವಾದಿಸದೆ, ಅವರ ಭಯವನ್ನು ಒಪ್ಪಿಕೊಂಡು ಮಾತನಾಡುವುದು ಹೇಗೆ? ಆತ್ಮಹತ್ಯೆಯ ಯೋಚನೆ ಇದೆಯೇ ಎಂದು ನೇರವಾಗಿ ಕೇಳುವುದು ಹೇಗೆ? ಕೇಳಿದರೆ ಆ ಯೋಚನೆ ಹೆಚ್ಚುತ್ತದೆ ಎಂಬ ಸಾಮಾನ್ಯ ಭಯ ತಪ್ಪು ಎಂಬುದು ಅವರಿಗೆ ಅಲ್ಲೇ ಮನದಟ್ಟಾಗುತ್ತದೆ. ಮೂಳೆ ಮುರಿದ ರೋಗಿಯಲ್ಲೂ ಹೆರಿಗೆಯಾದ ತಾಯಿಯಲ್ಲೂ ಖಿನ್ನತೆಯನ್ನು ಗುರುತಿಸಲು ಈ ಪಾಠವೇ ಮುಂದೆ ನೆರವಾಗುತ್ತದೆ.

ಈ ಕಲಿಕೆಗೂ ರೋಗಿಯ ಉಳಿವಿಗೂ ಇರುವ ಸಂಬಂಧವನ್ನು ದೊಡ್ಡ ಪ್ರಮಾಣದಲ್ಲಿ ಅಳೆದವರಿದ್ದಾರೆ. ಸಂಶೋಧಕಿ ಲಿಂಡಾ ಐಕನ್ ಮತ್ತು ಸಂಗಡಿಗರು ಯುರೋಪಿನ ಒಂಬತ್ತು ದೇಶಗಳ 300 ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ 4.2 ಲಕ್ಷಕ್ಕೂ ಹೆಚ್ಚು ರೋಗಿಗಳ ದಾಖಲೆ ಪರಿಶೀಲಿಸಿ, 2014ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಒಬ್ಬ ನರ್ಸ್ ನೋಡಿಕೊಳ್ಳಬೇಕಾದ ರೋಗಿಗಳ ಸಂಖ್ಯೆ ಒಂದು ಹೆಚ್ಚಾದರೆ, ದಾಖಲಾದ 30 ದಿನಗಳೊಳಗೆ ಸಾವು ಸಂಭವಿಸುವ ಸಾಧ್ಯತೆ ಶೇ 7ರಷ್ಟು ಏರುತ್ತಿತ್ತು. ಪದವೀಧರ ನರ್ಸ್‌ಗಳ ಪ್ರಮಾಣ ಶೇ 10ರಷ್ಟು ಹೆಚ್ಚಿದ್ದ ಕಡೆ ಅದು ಶೇ 7ರಷ್ಟು ಇಳಿಯುತ್ತಿತ್ತು. ಕಾರಣ–ಪರಿಣಾಮವನ್ನು ಇಂಥ ಅಧ್ಯಯನವೊಂದೇ ಸಾಬೀತು ಮಾಡುವುದಿಲ್ಲ, ನಿಜ. ಹಾಗೆಯೇ, ಇದನ್ನು ಹಿಡಿದುಕೊಂಡು ನಮ್ಮ ಮೂರು ವರ್ಷದ ಜಿಎನ್‌ಎಂ ಡಿಪ್ಲೊಮಾ ಪಡೆದವರನ್ನು ಕಡಿಮೆಯೆಂದು ಕಾಣುವುದೂ ಅನ್ಯಾಯ. ರಾಜ್ಯದ ವಾರ್ಡ್‌ಗಳನ್ನು ದಶಕಗಳಿಂದ ನಡೆಸಿಕೊಂಡು ಬಂದವರಲ್ಲಿ, ಪದವಿ ವಿದ್ಯಾರ್ಥಿಗಳ ಕೈ ತಿದ್ದಿದವರಲ್ಲಿ ಅವರು ಬಹಳ ಮಂದಿ. ಅಧ್ಯಯನದಿಂದ ನಾವು ತೆಗೆದುಕೊಳ್ಳಬೇಕಾದದ್ದು ಇಷ್ಟು: ನರ್ಸ್ ಎಷ್ಟು ಚೆನ್ನಾಗಿ ಕಲಿತಿದ್ದಾರೆ, ಆ ಕಲಿಕೆಯನ್ನು ಬಳಸಲು ಅವರಿಗೆ ಎಷ್ಟು ಬಿಡುವಿದೆ ಎಂಬ ಎರಡೂ ರೋಗಿಯ ಸಾವು–ಬದುಕಿಗೆ ತಗುಲಿದ ಸಂಗತಿಗಳು.

ಈಗ ಕರ್ನಾಟಕದ ಸ್ಥಿತಿಗೆ ಬರೋಣ. ದೇಶದಲ್ಲೇ ಅತಿ ಹೆಚ್ಚು ನರ್ಸಿಂಗ್ ಕಾಲೇಜುಗಳಿರುವ ರಾಜ್ಯಗಳಲ್ಲಿ ನಮ್ಮದೂ ಒಂದು. ಕೇರಳ, ಪಶ್ಚಿಮ ಬಂಗಾಳ, ಈಶಾನ್ಯ ರಾಜ್ಯಗಳಿಂದ ವಿದ್ಯಾರ್ಥಿಗಳು ಇಲ್ಲಿಗೆ ಬರುತ್ತಾರೆ. ನೂರಾರು ರೋಗಿಗಳ ಸ್ವಂತ ಆಸ್ಪತ್ರೆಯಿರುವ, ಗಂಭೀರವಾಗಿ ಕಲಿಸುವ ಸಂಸ್ಥೆಗಳು ಬೆಂಗಳೂರು, ಮಂಗಳೂರು, ಮಣಿಪಾಲ, ಬೆಳಗಾವಿ ಮುಂತಾದ ಕಡೆ ಇವೆ. ಅದರ ಜೊತೆಗೇ, ಬಾಡಿಗೆ ಕಟ್ಟಡದಲ್ಲಿ ತರಗತಿ ನಡೆಸಿ ಕ್ಲಿನಿಕಲ್ ಕಲಿಕೆಗೆ ಅವರಿವರ ಆಸ್ಪತ್ರೆಯನ್ನು ಕಾಗದದಲ್ಲಿ ತೋರಿಸುವ ಕಾಲೇಜುಗಳ ಬಗ್ಗೆ, ತರಗತಿಗೆ ಬಾರದೆಯೇ ಪದವಿ ಮುಗಿಸಬಹುದು ಎಂದು ಹೊರರಾಜ್ಯಗಳಲ್ಲಿ ಆಮಿಷ ಒಡ್ಡುವ ದಲ್ಲಾಳಿಗಳ ಬಗ್ಗೆ ದೂರುಗಳು ಬಹಳ ವರ್ಷಗಳಿಂದ ಕೇಳಿಬರುತ್ತಿವೆ. ಶೇ 100 ಹಾಜರಾತಿಯ ನಿಯಮ ಇಂಥ ಕಡೆ ಲಾಗ್‌ಬುಕ್ಕಿನ ಸಹಿಯಾಗಿ ಮುಗಿಯುತ್ತದೆ. ಒಬ್ಬರು ಬರೆದ ಕೇರ್ ಪ್ಲ್ಯಾನ್ ಹತ್ತು ಕೈ ದಾಟುತ್ತದೆ.

ಇದಕ್ಕೆ ವಿರುದ್ಧ ದಿಕ್ಕಿನ ತೊಂದರೆಯೂ ಇದೆ. ಆಸ್ಪತ್ರೆಯಲ್ಲಿ ಸಿಬ್ಬಂದಿ ಕೊರತೆ ಇದ್ದಾಗ ವಿದ್ಯಾರ್ಥಿಗಳು ಆ ಜಾಗ ತುಂಬುವ ಉಚಿತ ಕೈಗಳಾಗುತ್ತಾರೆ. ಸ್ಯಾಂಪಲ್ ಲ್ಯಾಬಿಗೆ ಒಯ್ಯುವುದು, ಸ್ಟ್ರೆಚರ್ ತಳ್ಳುವುದು, ಸಾಲಾಗಿ ಬಿಪಿ ನೋಡಿ ಬರೆಯುವುದರಲ್ಲೇ ಪಾಳಿ ಮುಗಿಯುತ್ತದೆ. ಅವರು ವಾರ್ಡಿನಲ್ಲಿ ಇರುತ್ತಾರೆ, ದಣಿಯುತ್ತಾರೆ, ಆದರೆ ‘ಈ ರೋಗಿಗೆ ಯಾಕೆ ಹೀಗಾಗುತ್ತಿದೆ, ನೀನಾದರೆ ಈಗ ಏನು ಮಾಡುತ್ತೀಯ’ ಎಂದು ಅವರನ್ನು ಕೇಳುವವರಿರುವುದಿಲ್ಲ. ಆ ಪ್ರಶ್ನೆ ಇಲ್ಲದ ಕಡೆ ಗಂಟೆಗಳು ಎಷ್ಟೇ ಕೂಡಿದರೂ ವಿವೇಚನೆ ಬೆಳೆಯುವುದಿಲ್ಲ.

ಹಾಗಾಗಿ ಮೊದಲನೆಯದಾಗಿ ತಪಾಸಣೆಯ ಕ್ರಮವೇ ಬದಲಾಗಬೇಕು. ಪರಿಶೀಲನಾ ತಂಡ ಪ್ರಾಂಶುಪಾಲರ ಕೊಠಡಿಯಲ್ಲಿ ಕಡತ ನೋಡುವುದಕ್ಕಿಂತ, ತಿಳಿಸದೆ ವಾರ್ಡಿಗೆ ಹೋಗಿ ಮೂರನೇ ವರ್ಷದ ವಿದ್ಯಾರ್ಥಿಯನ್ನು ‘ನಿನ್ನ ರೋಗಿಯ ಬಗ್ಗೆ ಹೇಳು’ ಎಂದು ಕೇಳಲಿ. ಆಸ್ಪತ್ರೆಯ ಒಳರೋಗಿಗಳ ದಿನನಿತ್ಯದ ಸಂಖ್ಯೆಯನ್ನು ಕಾಲೇಜಿನ ಸೀಟುಗಳೊಂದಿಗೆ ತಾಳೆ ನೋಡಲಿ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಆ ಸಂಖ್ಯೆಯನ್ನು ಕಾಲೇಜುವಾರು ಸಾರ್ವಜನಿಕವಾಗಿ ಪ್ರಕಟಿಸಿದರೆ ಪೋಷಕರೇ ಅರ್ಧ ತಪಾಸಣೆ ಮಾಡಿಬಿಡುತ್ತಾರೆ. 1947ರ ನರ್ಸಿಂಗ್ ಪರಿಷತ್ತು ಕಾಯ್ದೆಯ ಜಾಗಕ್ಕೆ ತಂದಿರುವ 2023ರ ರಾಷ್ಟ್ರೀಯ ನರ್ಸಿಂಗ್ ಮತ್ತು ಸೂಲಗಿತ್ತಿ ಆಯೋಗ ಕಾಯ್ದೆಯಲ್ಲಿ ರಾಜ್ಯ ಆಯೋಗಗಳಿಗೂ ಹೊಣೆಯಿದೆ. ಹೊಸ ವ್ಯವಸ್ಥೆ ಹಳೆಯ ಕಡತ ಪದ್ಧತಿಯನ್ನೇ ಮುಂದುವರಿಸಿದರೆ ಕಾಯ್ದೆ ಬದಲಾಗಿಯೂ ಏನೂ ಬದಲಾಗದು.

ಎರಡನೆಯದು, ಕಲಿಸುವವರ ವಿಷಯ. ನಮ್ಮಲ್ಲಿ ಕಾಲೇಜಿನ ಬೋಧಕರು ಬೇರೆ, ಆಸ್ಪತ್ರೆಯ ಶುಶ್ರೂಷಾಧಿಕಾರಿಗಳು ಬೇರೆ. ಬೋಧಕರಲ್ಲಿ ಅನೇಕರು ರೋಗಿಯ ಆರೈಕೆಯಿಂದ ದೂರವಾಗಿ ವರ್ಷಗಳಾಗಿರುತ್ತವೆ. ಶುಶ್ರೂಷಾಧಿಕಾರಿಗಳಿಗೆ ಕಲಿಸಲು ಸಮಯವೂ ಇಲ್ಲ, ಅದಕ್ಕೆ ಮಾನ್ಯತೆಯೂ ಇಲ್ಲ. ಅನುಭವಿ ಶುಶ್ರೂಷಾಧಿಕಾರಿಗಳಿಗೆ ಬೋಧನಾ ಭತ್ಯೆ ಕೊಟ್ಟು, ಪಾಳಿಯಲ್ಲಿ ಅದಕ್ಕೆಂದೇ ಹೊತ್ತು ಮೀಸಲಿಡಬೇಕು. ಬೋಧಕರು ವಾರದಲ್ಲಿ ಕೆಲವು ದಿನ ವಾರ್ಡಿನ ಕೆಲಸ ಮಾಡುವುದು ಕಡ್ಡಾಯವಾಗಬೇಕು. ಕೇಂದ್ರ ಸಂಪುಟ 2023ರಲ್ಲಿ ₹1,570 ಕೋಟಿ ವೆಚ್ಚದಲ್ಲಿ 157 ಹೊಸ ಸರ್ಕಾರಿ ನರ್ಸಿಂಗ್ ಕಾಲೇಜುಗಳಿಗೆ ಒಪ್ಪಿಗೆ ಕೊಟ್ಟಾಗ ಅವನ್ನು ವೈದ್ಯಕೀಯ ಕಾಲೇಜುಗಳ ಆವರಣದಲ್ಲೇ ತೆರೆಯಲು ತೀರ್ಮಾನಿಸಿದ್ದು ಸರಿಯಾದ ನಡೆ. ಆಸ್ಪತ್ರೆ ಪಕ್ಕದಲ್ಲಿದ್ದ ಮಾತ್ರಕ್ಕೆ ಕಲಿಕೆ ಆಗುವುದಿಲ್ಲ; ಅಲ್ಲಿ ವಿದ್ಯಾರ್ಥಿಯ ಜೊತೆ ನಿಲ್ಲುವವರನ್ನೂ ನೇಮಿಸಬೇಕು.

ಮೂರನೆಯದು ಭಾಷೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹಳ್ಳಿಯ ಹುಡುಗಿ ಇಂಗ್ಲಿಷಿನ ಅಂಗರಚನೆ, ರೋಗಶಾಸ್ತ್ರದ ಮುಂದೆ ಮೊದಲ ವರ್ಷ ಕಂಗಾಲಾಗುತ್ತಾಳೆ. ಹೊರರಾಜ್ಯದಿಂದ ಬಂದವಳಿಗೆ ಪಾಠ ಅರ್ಥವಾಗುತ್ತದೆ, ರೋಗಿಯ ಮಾತು ಅರ್ಥವಾಗುವುದಿಲ್ಲ. ‘ಎದೆ ಹಿಡಿದ ಹಾಗಾಗ್ತದೆ, ಯಾಕೋ ಸಂಕಟ’ ಎಂದು ಅಜ್ಜಿಯೊಬ್ಬರು ಹೇಳಿದಾಗ ಅದು ಹೃದಯಾಘಾತದ ಸೂಚನೆ ಇರಬಹುದೆಂದು ಹೊಳೆಯದಿದ್ದರೆ ಓದಿದ್ದೆಲ್ಲ ವ್ಯರ್ಥ. ಮೊದಲನೆಯವರಿಗೆ ಇಂಗ್ಲಿಷಿನ ನೆರವು ತರಗತಿ, ಎರಡನೆಯವರಿಗೆ ಆಸ್ಪತ್ರೆಯಲ್ಲಿ ಬಳಸುವ ಕನ್ನಡದ ಪಾಠ, ಎರಡೂ ಮೊದಲ ಸೆಮಿಸ್ಟರಿನಲ್ಲೇ ಸಿಗಬೇಕು. ಇದು ರೋಗಿಯ ಸುರಕ್ಷತೆಯ ಪ್ರಶ್ನೆ.

ಕಲಿತದ್ದಕ್ಕೆ ಬೆಲೆ ಸಿಗದಿದ್ದರೆ ಕಲಿತವರು ನಿಲ್ಲುವುದಿಲ್ಲ. 2016ರಲ್ಲಿ ಸುಪ್ರೀಂ ಕೋರ್ಟ್ ಸೂಚನೆಯಂತೆ ಕೇಂದ್ರ ರಚಿಸಿದ ಸಮಿತಿ, 200ಕ್ಕೂ ಹೆಚ್ಚು ಹಾಸಿಗೆಗಳ ಖಾಸಗಿ ಆಸ್ಪತ್ರೆಗಳಲ್ಲಿ ನರ್ಸ್‌ಗಳ ಸಂಬಳ ರಾಜ್ಯ ಸರ್ಕಾರದ ನರ್ಸ್‌ಗಳ ಸಂಬಳಕ್ಕೆ ಸಮನಾಗಿರಬೇಕು, ಅತಿ ಸಣ್ಣ ಆಸ್ಪತ್ರೆಯಲ್ಲೂ ತಿಂಗಳಿಗೆ ₹20,000ಕ್ಕಿಂತ ಕಡಿಮೆ ಇರಬಾರದು ಎಂದು ಶಿಫಾರಸು ಮಾಡಿತ್ತು. ಅದು ಇಷ್ಟು ವರ್ಷಗಳಾದರೂ ಎಲ್ಲೆಡೆ ಜಾರಿಗೆ ಬಂದಿಲ್ಲ. ನಾಲ್ಕು ವರ್ಷ ಓದಿಸಿ, ಸಾಲ ತೀರಿಸಲೂ ಸಾಲದ ಸಂಬಳ ಕೊಟ್ಟು, ಅವರು ವಿಮಾನ ಹತ್ತಿದಾಗ ಸೇವಾಭಾವದ ಮಾತಾಡುವುದು ಸರಿಯಲ್ಲ.

ಈ ಪದವಿಯ ಮೇಲೆ ಸರ್ಕಾರಗಳೇ ಇಟ್ಟಿರುವ ನಿರೀಕ್ಷೆ ಹೆಚ್ಚುತ್ತಿದೆ. ಬಯಲುಸೀಮೆಯಲ್ಲಿ 5,000, ಗುಡ್ಡಗಾಡಿನಲ್ಲಿ 3,000 ಜನಸಂಖ್ಯೆಗೆ ಒಂದರಂತೆ ಇರುವ ಉಪಕೇಂದ್ರಗಳನ್ನು ಆರೋಗ್ಯ ಮಂದಿರಗಳಾಗಿ ಮಾಡಿ, ಅಲ್ಲಿ ಸಮುದಾಯ ಆರೋಗ್ಯ ಅಧಿಕಾರಿಗಳಾಗಿ ನೇಮಿಸುತ್ತಿರುವವರಲ್ಲಿ ನರ್ಸಿಂಗ್ ಪದವೀಧರರು ಮುಖ್ಯರು. ಅಲ್ಲಿ ಪಕ್ಕದ ಕೊಠಡಿಯಲ್ಲಿ ವೈದ್ಯರಿರುವುದಿಲ್ಲ. ಜ್ವರದ ಮಗುವನ್ನು ಮನೆಗೆ ಕಳಿಸಬಹುದೇ, ತಾಲ್ಲೂಕು ಆಸ್ಪತ್ರೆಗೆ ಈಗಲೇ ಕಳಿಸಬೇಕೇ ಎಂದು ಆ ಯುವತಿ ಅಥವಾ ಯುವಕ ನಿರ್ಧರಿಸಬೇಕು. ಹಳ್ಳಿಯ ಬಡವರ ಆರೋಗ್ಯ ಈ ವಿವೇಚನೆಯ ಮೇಲೆ ನಿಂತಿರುವಾಗ, ಅದನ್ನು ಕಲಿಸದೆಯೇ ಪದವಿ ಹಂಚುವ ಕಾಲೇಜನ್ನು ನಡೆಯಲು ಬಿಡುವುದು ಆ ಬಡವರಿಗೆ ಮಾಡುವ ದ್ರೋಹ.

ಮಕ್ಕಳನ್ನು ಸೇರಿಸಲು ಹೊರಟ ಪೋಷಕರು ಕಟ್ಟಡ ನೋಡಿ ಮರುಳಾಗಬಾರದು. ಕಾಲೇಜಿನ ಆಸ್ಪತ್ರೆಯಲ್ಲಿ ಇಂದು ಎಷ್ಟು ಒಳರೋಗಿಗಳಿದ್ದಾರೆ, ತಿಂಗಳಿಗೆ ಎಷ್ಟು ಹೆರಿಗೆಯಾಗುತ್ತದೆ, ವಾರ್ಡಿನಲ್ಲಿ ವಿದ್ಯಾರ್ಥಿಗಳ ಜೊತೆ ಯಾರು ನಿಲ್ಲುತ್ತಾರೆ ಎಂದು ಕೇಳಬೇಕು. ಇದೇ ಪ್ರಶ್ನೆಗಳನ್ನು ವಿಶ್ವವಿದ್ಯಾಲಯವೂ ಸರ್ಕಾರವೂ ಪ್ರತಿ ಕಾಲೇಜಿಗೆ ಪ್ರತಿ ವರ್ಷ ಕೇಳಿ, ಉತ್ತರ ಸಿಗದ ಕಡೆ ಸೀಟು ಕಡಿತಗೊಳಿಸಬೇಕು.